ಹಂಸಪಾದ

ಕಾಗದ ಇಂಗ್ಲಿಷಿನಲ್ಲಿತ್ತು.
ವಿರಾಜಪೇಟೆ ಆಸ್ಪತ್ರೆಯ ಕಿಟಕಿಯೊಳಗಿಂದ
ಸಿಸ್ಟರ್ ಪೆನ್ನಿನ ತುದಿಯಲ್ಲಿ ಒಂದು ಗೆರೆ ತೋರಿಸಿ ಕೇಳಿದಳು:
ಪೇಷಂಟಿಗೆ ನೀವು ಏನಾಗಬೇಕು?

ಏನೂ ಆಗಬೇಕಿಲ್ಲ ಅಂದರೆ ಹೊರಗೆ ನಿಲ್ಲಿಸುತ್ತಾಳೆ.

ತೋಟದಲ್ಲಿ ನನ್ನನ್ನು ರೈಟರ್ ಅನ್ನುತ್ತಾರೆ.
ಮೂವತ್ತೊಂದು ವರ್ಷ ಬರೆದದ್ದು ಹಾಜರಿ ಪುಸ್ತಕ:
ಆಳು ಎಷ್ಟು, ಮೂಟೆ ಎಷ್ಟು, ಅರ್ಧ ದಿನದವರು ಯಾರು.
ಪಿ ಅಂದರೆ ಬಂದವರು, ಎ ಅಂದರೆ ಬಾರದವರು;
ಅಷ್ಟೇ ಇಂಗ್ಲಿಷಿನಲ್ಲಿ ಸಂಸಾರ ಸಾಗಿಸಿದೆ.

ಒಳಗೆ ಸ್ಟ್ರೆಚರಿನ ಮೇಲೆ ಹಂಸ.
ಹಕ್ಕಿಯಲ್ಲ, ಸಿದ್ದಾಪುರದ ಮಾಪಿಳ್ಳೆ, ಮೆಣಸು ಗುತ್ತಿಗೆಯವನು.
ಅವರಲ್ಲಿ ಆ ಹೆಸರಿಗೆ ಸಿಂಹ ಎಂದರ್ಥವಂತೆ;
ನಮ್ಮ ಅಕ್ಷರದಲ್ಲಿ ಬರೆದ ಕೂಡಲೇ ರೆಕ್ಕೆ ಬರುತ್ತದೆ.
ಬೆಳಿಗ್ಗೆ ಸಿಲ್ವರ್ ಓಕಿನ ಏಣಿ ಜಾರಿದಾಗ ಬರಲಿಲ್ಲ.
ಬಳ್ಳಿ ಹಿಡಿದುಕೊಂಡೇ ಬಿದ್ದನಂತೆ.
ಎಡಗಾಲಿನ ಪಾದ ತಿರುಗಿ
ಬೇರೆ ಯಾರನ್ನೋ ನೋಡುತ್ತಿತ್ತು.

ಹೆಂಡತಿ ಮದುವೆಗೆಂದು ಕಣ್ಣೂರಿಗೆ ಹೋಗಿದ್ದಳು.
ಹುಡುಗರು ಅವನ ಫೋನು ತಡಕಿ ನನಗೆ ಮಾಡಿದರು.
ಅದರಲ್ಲಿ ನಾನು ‘ಬೆಳ್ಯಪ್ಪನ ರೈಟರ್’.
ನನ್ನದರಲ್ಲಿ ಅವನು ‘ಬೆಳ್ಯಪ್ಪನ ಹಂಸ’.

ಬೆಳ್ಯಪ್ಪನಿಗೆ ಸಂತೆ ದಾರಿಯಲ್ಲಿ ಪಂಕ್ಚರ್ ಅಂಗಡಿ,
ಅಂಗಡಿ ಮುಂದೆ ಲಾರಿಯ ಹಲಗೆಯ ಬೆಂಚು.
ಆ ಕಡೆ ಹಂಸ, ಈ ಕಡೆ ನಾನು,
ನಡುವೆ ಟ್ಯೂಬಿನ ವಾಸನೆಯ ಅವನು.
ಇವನ ಮಾತಿಗೆ ಅವನು ನಗುತ್ತಿದ್ದ,
ಅವನು ನಕ್ಕದ್ದಕ್ಕೆ ನಾನು.
ಚಾ ತರಲು ಅವನೆದ್ದು ಹೋದನೋ,
ನಾವಿಬ್ಬರೂ ರಸ್ತೆ ನೋಡುತ್ತ ಕೂರುತ್ತಿದ್ದೆವು,
ಜೀಪು ಎಣಿಸುವ ಕೆಲಸ ಕೊಟ್ಟವರ ಹಾಗೆ.

ಹೋದ ಹುತ್ತರಿಯಲ್ಲ, ಅದರ ಹಿಂದಿನದು;
ಕದಿರು ತೆಗೆಯಲು ಮೂರು ದಿನವಿತ್ತು, ಹೋಗಿಬಿಟ್ಟ.
ಆಮೇಲೆ ಸಂತೆಯಲ್ಲಿ ಸಿಕ್ಕರೆ
ಹಂಸ ತಲೆಯಾಡಿಸುತ್ತಾನೆ, ನಾನೂ ಆಡಿಸುತ್ತೇನೆ,
ಮೀನಿನ ರೇಟು ಕೇಳುತ್ತೇವೆ, ಇಬ್ಬರಿಗೂ ಗೊತ್ತಿರುವ ರೇಟು.

ಬ್ರದರ್ ಅಂತ ಹಾಕಿ ಅಂಕಲ್, ಎಲ್ಲರೂ ಹಾಕುತ್ತಾರೆ,
ಅಂದಳು ಸಿಸ್ಟರ್.
ಹಾಕಬಹುದಿತ್ತು. ಮೇಲಿನ ಗೆರೆಯಲ್ಲೇ
ಅವನಪ್ಪ ಕುಂಞಿಮೊಯ್ದು, ನನ್ನಪ್ಪ ಕುಶಾಲಪ್ಪ.
ಫ್ರೆಂಡ್ ಅನ್ನೋಣವೆಂದರೆ
ಅವನಿಗೆ ಮಕ್ಕಳೆಷ್ಟು, ನನಗೆ ಗೊತ್ತಿಲ್ಲ.
‘ನೋನ್ ಪರ್ಸನ್’ ಪೊಲೀಸ್ ಸ್ಟೇಷನ್ನಿನ ಮಾತು,
‘ಮ್ಯೂಚುವಲ್’ ಬ್ಯಾಂಕಿನವರದು.
ಗೆಳೆಯನ ಗೆಳೆಯ ಅನ್ನಲು ನಮಗೆ ಒಂದು ‘ನ’ ಸಾಕು,
ಅವರ ಕಾಗದದಲ್ಲಿ ಅಷ್ಟು ಉದ್ದದ ಜಾಗವಿಲ್ಲ.

ಹಳೇ ಮ್ಯಾನೇಜರು ಕಾಗದಗಳಲ್ಲಿ ಬರೆಸುತ್ತಿದ್ದ
ಒಂದು ಶಬ್ದ ನೆನಪಾಯಿತು: ಅಕ್ವೇಂಟೆನ್ಸ್.
ಕೈ ತೊಳೆದು ಊಟಕ್ಕೆ ಕೂತಂಥ ಶಬ್ದ.
ಕೇಳಿಸಿದಷ್ಟನ್ನೂ ಜೋಡಿಸಿ ಬರೆದು ಕೊಟ್ಟೆ.

ಒಂದು ಸಿ ಬಿಟ್ಟಿದ್ದೀರಿ, ಅಂದಳು. ಕ್ಯೂಗೆ ಮುಂಚೆ.
ಸಿ ಎಲ್ಲಿ ಕೇಳಿಸುತ್ತದಮ್ಮ ಅದರಲ್ಲಿ?
ಕೇಳಿಸುವುದಿಲ್ಲ ಅಂಕಲ್. ಆದರೆ ಇರಬೇಕು.

ಪೆನ್ನು ವಾಪಸು ತೆಗೆದುಕೊಂಡೆ.
ಎರಡು ಅಕ್ಷರಗಳ ಸಂದಿಯಲ್ಲಿ, ಕೆಳಗೆ,
ಮೇಷ್ಟ್ರು ಕಲಿಸಿದ್ದ ಹಂಸಪಾದ ಹಾಕಿದೆ.
ಮೇಲೆ, ಬೆಂಚಿನಲ್ಲಿ ಸ್ವಲ್ಪ ಸರಿದು ಕೂತ ಹಾಗೆ,
ಒಂದು ಸಿ.
ಕೈ ನಡುಗಿ ಅದು ಕೊಂಚ ದೊಡ್ಡದೇ ಆಯಿತು.

ಪಟ್ಟಿ ಕಟ್ಟಿ ಹೊರಗೆ ತಂದಾಗ ಸಂಜೆ.
ಹಂಸ ಕಣ್ಣು ಬಿಟ್ಟ. ಏನಂತ ಬರೆದ್ರಿ ರೈಟರೇ,
ನಾನು ನಿಮಗೆ ಏನಾಗಬೇಕು ಅಂತ?
ಸ್ಪೆಲ್ಲಿಂಗ್ ಕಷ್ಟ ಮಾರಾಯ, ಅಂದೆ,
ಮೊದಲು ಕಾಲು ಸರಿಯಾಗಲಿ.
ಅವನು ನಗಲು ಹೋಗಿ, ನೋವಿಗೆ ನಿಲ್ಲಿಸಿದ.

ಆಮೇಲೆ ಮಾತಿಲ್ಲ.
ಅವನು ಮಲಗಿ, ನಾನು ಸ್ಟೂಲಿನಲ್ಲಿ ಕೂತು,
ಇಬ್ಬರೂ ವರಾಂಡದ ಆ ತುದಿಯನ್ನೇ ನೋಡುತ್ತಿದ್ದೆವು,
ಚಾ ತರಲು ಯಾರೋ ಹೋಗಿರುವ ಹಾಗೆ.