ಗೀರದ ಕಾಯಿ

ಗೀರುವಾಗ ಹಿಂದಕ್ಕೆ ನಡೆಯಬೇಕು, ನಜ್ಮಿಯೆ.
ಮುಂದೆ ನಡೆದೆಯೋ, ಲಂಗಕ್ಕೆ ಸೊನೆ ಮೆತ್ತಿ
ಸಂಜೆಯ ದುಡಿಮೆಯೆಲ್ಲ ಬಟ್ಟೆಯ ಪಾಲು.
ಆಗ ನನಗೆ ಹದಿನೇಳು. ಬೊಲ್ವಾದಿನ್ ದಾರಿಯ ಕೆಳಗಿನ ಹೊಲ.
ಎಸಳುದುರಿ ಎರಡು ವಾರ; ಕಾಯಿ
ಎಳೆಮಗುವಿನ ಮುಷ್ಟಿಯಷ್ಟು,
ಬೂದಿ ಬಡಿದಂಥ ಹಸಿರು.
ಹೊಟ್ಟೆಯ ಸುತ್ತ ಒಂದೇ ಗೀರು.
ಆಳಕ್ಕಿಳಿದರೆ ಹಾಲು ಒಳಗೇ ಸುರಿದು ಬೀಜ ಕೆಡುತ್ತದೆ,
ಮೇಲೆಮೇಲೆ ಆದರೆ ಬೆವರಿನಷ್ಟೂ ಇಲ್ಲ.

ಬಿಳಿ ಹನಿ. ಇರುಳು ಕಳೆಯುವುದರೊಳಗೆ ಕಂದು.
ಬೆಳಗಿನ ನಮಾಜಿಗೂ ಮುಂಚೆ ಕೆರೆದು
ಎಲೆಗೆ ಒರೆಸುತ್ತಿದ್ದೆವು. ಅತ್ತೆ ಗುಲ್ಸುಮ್ ಗದರುತ್ತಿದ್ದಳು:
ಬೆರಳು ನೆಕ್ಕಬೇಡ, ನಿನ್ನ ಮದುವೆಗೆ ನೀನೇ ಏಳಲಾರೆ.

ಆಮೇಲೆ ಅಂಕಾರಾದಿಂದ ಕಾಗದ: ಬಿತ್ತಬಾರದು.
ಎರಡು ವರ್ಷ ಸೂರ್ಯಕಾಂತಿ,
ತಲೆ ತಿರುಗಿಸುವುದು ಬಿಟ್ಟರೆ ಬೇರೇನೂ ಬಾರದ ಗಿಡ.
ಮತ್ತೊಂದು ಕಾಗದ: ಬಿತ್ತಿ, ಗೀರಬೇಡಿ,
ಒಣಗಿದ ಮೇಲೆ ಇಡೀ ಕಾಯಿ ಕಾರ್ಖಾನೆಗೆ.
ಗೀರುಚಾಕು ಈರುಳ್ಳಿಯ ಪಾಲಾಯಿತು.

ನೀನು ಓದಿ ಬಂದವಳು. ಗಾಜಿನಡಿ ನೋಡಿ ಹೇಳಿದೆ:
ಗಿಡದೊಳಗೆ ಒಂದೇ ಗೋಡೆಗೆ ಒತ್ತಿಕೊಂಡ ಮೂರು ಮನೆ.
ಒಬ್ಬಳು ಅಡುಗೆಯ ಕ್ರಮ ಬರೆದುಕೊಡುತ್ತಾಳೆ, ಒಲೆ ಇನ್ನೊಬ್ಬಳದು,
ಮೂರನೆಯವಳು ಕೊನೆಯ ಕುದಿ ಕೊಟ್ಟು
ಗಡಿಗೆಗೆ ಸುರಿದು ಬಾಯಿ ಕಟ್ಟುತ್ತಾಳೆ.
ನಕ್ಕುಬಿಟ್ಟೆ. ಟೊಮೆಟೊ ಕಾಸುವ ದಿನ
ನಾವು ಓರಗಿತ್ತಿಯರೂ ಹೀಗೆಯೇ; ಜಗಳವೊಂದು ಹೆಚ್ಚಿಗೆ.

ಇನ್ನೊಂದು ಹೇಳಿದೆಯಲ್ಲ, ಅದಕ್ಕೆ ನಗು ಬರಲಿಲ್ಲ:
ಗಾಯವಾದ ಕೂಡಲೆ ಮಾರ್ಫೀನು ಎರಡೆರಡಾಗಿ ಬೆಸೆದುಕೊಂಡು
ಕೊಯ್ದ ಗೋಡೆಗೆ ಅಂಟಿ ಅದನ್ನು ಗಟ್ಟಿ ಮಾಡುತ್ತದಂತೆ.
ಹಾಗಾದರೆ ಏಳು ಬೇಸಿಗೆ ನಾನು ಕೆರೆದು ತಂದದ್ದು
ಗಿಡ ತನ್ನ ಗಾಯಕ್ಕೆ ಹಚ್ಚಿಕೊಂಡಿದ್ದ ಮದ್ದು.
ಹಾಲು ಅಂದೆವು. ಎಂಥ ಹಾಲು!
ತನ್ನ ಬೀಜಕ್ಕೇ ಒಂದು ತೊಟ್ಟು ಕುಡಿಸದ ತಾಯಿ.
ಅದಕ್ಕೇ ಇರಬೇಕು, ಬೀಜ ಅರೆದು ರೊಟ್ಟಿಗೆ ಸವರಿ
ನಿಮ್ಮಪ್ಪನಿಗೆ ಎಷ್ಟು ತಿನ್ನಿಸಿದರೂ
ಒಂದು ಮಧ್ಯಾಹ್ನವೂ ಅವನು ಮಲಗಲಿಲ್ಲ.

ಹೋದ ಚಳಿಗಾಲ ಸೊಂಟ ಮುರಿದು ಬಿದ್ದಿದ್ದೆ.
ನರ್ಸು ಸೂಜಿ ತಂದಳು. ನೀರಿನಷ್ಟು ತಿಳಿ;
ಕಂದಿಲ್ಲ, ಬೆರಳಿನಿಂದ ಮೂರು ದಿನ ಹೋಗದಿದ್ದ ಆ ವಾಸನೆಯಿಲ್ಲ.
ಎಲ್ಲಿಯದಮ್ಮ ಇದು ಎಂದೆ.
ಔಷಧಿ ಅಜ್ಜಿ, ಉಗ್ರಾಣದ್ದು ಎಂದಳು.
ಸ್ವಲ್ಪ ಹೊತ್ತಿಗೆ ನೋವು
ಲಂಗ ಎತ್ತಿ ಹಿಡಿದು, ಸಾಲು ತಪ್ಪದೆ,
ನನ್ನ ಮುಖವನ್ನೇ ನೋಡುತ್ತ
ಹಿಂದೆ ಹಿಂದೆ ನಡೆಯತೊಡಗಿತು.

ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸು.
ಗಲಗಲ ಅನ್ನುವುದು ಬೀಜ.
ಸೊನೆಗೆ ಸದ್ದಿಲ್ಲ; ಗೋಡೆಯಲ್ಲೇ ಒಣಗಿದೆ,
ಆಗದ ಗಾಯಕ್ಕೆಂದು ಎತ್ತಿಟ್ಟದ್ದು.
ಚೀಲದ ಬಾಯಿ ಅಗಲಿಸು, ಹಾಂ, ಹಾಗೆ.
ಒಂಬತ್ತಕ್ಕೆ ಲಾರಿ.