ತಣಿಯುವ ತನಕ

ಮೊದಲು ಕೈ, ಆಮೇಲೆ ಕಣ್ಣು, ಕೊನೆಗೆ ಕಿವಿ;
ಮಾರುವವನ ಮಾತನ್ನು ಮನೆಗೆ ಹೋದ ಮೇಲೆ ಕೇಳು.
ಬರ್ನೋ ಟ್ರಾಮ್ ಡಿಪೋದಲ್ಲಿ ಫಿಟ್ಟರಾಗಿದ್ದ
ಬೊಜೆನಾ ಚಿಕ್ಕಮ್ಮ ನನಗೆ ಕಲಿಸಿದ್ದು ಇಷ್ಟೇ.

ಅದಕ್ಕೇ ಹೆಸರು ಹೇಳುವ ಮೊದಲೇ
ಎಂಜಿನ್ನಿನ ರೆಕ್ಕೆಗಳ ಮೇಲೆ ಅಂಗೈ ಇಟ್ಟೆ.
ಬಿಸಿ.
ಈಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯ ಹಾಗೆ.

"ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿದ್ದೆ" ಎಂದ ಓಟಕರ್.
ಇವತ್ತು ಭಾನುವಾರ.

ಕೆಂಪು ಜಾವಾ, ಮುನ್ನೂರೈವತ್ತು, ಜೋಡಿ ಸಿಲಿಂಡರು,
ಕಿಕ್ಕಿಗೂ ಗೇರಿಗೂ ಒಂದೇ ಕೋಲು,
ನನಗಿಂತ ಹದಿನೇಳು ವರ್ಷ ಹಿರಿದು.
ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಟ್ಯಾಂಕಿನ ಮೈಮೇಲೆ ಜಾರಿಸಿದೆ,
ಎಲ್ಲೂ ಕೈಬಿಡಲಿಲ್ಲ; ಬಣ್ಣದಡಿ ಇರುವುದು ತಗಡೇ, ಪುಟ್ಟಿಯಲ್ಲ.
ಒಳಗೆ ಟಾರ್ಚು ಬಿಟ್ಟೆ: ಬೆರಳಗಲ ತುಕ್ಕು, ಕ್ಷಮಿಸಬಹುದು.
ಹಿಂದಿನ ಗಾಲಿ ಹಿಡಿದು ಅಲುಗಿಸಿದೆ,
ಸಡಿಲ, ನಾಲಗೆ ಪದೇ ಪದೇ ಮುಟ್ಟಿ ನೋಡುವ ಹಲ್ಲಿನಷ್ಟು.
ಮುಂದಿನ ಗಾಲಿ ಎತ್ತಿ ಹ್ಯಾಂಡಲು ಮೆಲ್ಲಗೆ ತಿರುಗಿಸಿದರೆ
ನಟ್ಟನಡುವೆ ಒಂದು ಸಣ್ಣ ತಡೆ:
ಇಷ್ಟು ವರ್ಷ ನೇರ ಹೋಗಿ ಹೋಗಿ
ಬೇರಿಂಗಿನ ಗುಂಡುಗಳು ತೋಡಿಕೊಂಡ ಗುಳಿ.
ಆಮೇಲೆ ಸ್ಕ್ರೂಗಳು. ಚಚ್ಚಿಹೋದ ತಲೆ
ಅವಸರದವನ ಚರಿತ್ರೆ ಹೇಳುತ್ತದೆ.
ಇಲ್ಲಿ ಒಂದೂ ಚಚ್ಚಿರಲಿಲ್ಲ.
ಇಷ್ಟು ತಾಳ್ಮೆಯ ಕೈ
ಭಾನುವಾರ ಅಂಚೆಗೆ ಯಾಕೆ ಹೋಯಿತು?

"ತಣ್ಣಗಾಗಲಿ, ಕಾಯ್ತೀನಿ" ಅಂದೆ.
ಬೇಡ ಅನ್ನಲಿಲ್ಲ.

ಕಲ್ಲುಗಣಿಯ ತೂಕದ ಕಟ್ಟೆಯಲ್ಲಿ ಮೂವತ್ತೊಂದು ವರ್ಷ ಕೂತವನು,
ಲಾರಿ ಹತ್ತಿದ ಸದ್ದಿಗೇ ಎಷ್ಟು ಟನ್ನೆಂದು ಹೇಳುತ್ತಿದ್ದನಂತೆ.
ಲೋಟದ ಅಂಚಿಗೆ ಬೆರಳಿಟ್ಟುಕೊಂಡು ಚಹಾ ಸುರಿದ.
ಬ್ರೆಡ್ಡು ಕೊಟ್ಟ, ಪ್ಲಮ್ ಹಣ್ಣಿನ ಜಾಮು, ಚಮಚ ಹುಡುಕಿ ಕೊಟ್ಟ.
ಲೋಹ ತಣಿಯುತ್ತ ಟಿಕ್ ಅಂದಿತು, ಸುಮ್ಮನಿತ್ತು, ಮತ್ತೆ ಟಿಕ್.
ಆಗ ಕಂಡೆ: ಮುಂದಿನ ಮಡ್‌ಗಾರ್ಡಿನ ಒಳಬದಿಗೆ
ಒದ್ದೆಯಾಗಿ ಅಂಟಿದ ಹಳದಿ ಎಸಳು.
ಊರ ಬೀದಿಯಲ್ಲಿ ಸಾಸಿವೆ ಬೆಳೆಯುವುದಿಲ್ಲ.

ನನ್ನ ಕಣ್ಣು ಎಲ್ಲಿದೆಯೆಂದು ಹೇಗೆ ತಿಳಿಯಿತೋ,
"ಫೆಬ್ರುವರಿಯಲ್ಲಿ ಲೈಸೆನ್ಸ್ ಇಸ್ಕೊಂಡ್ರು" ಎಂದ.
"ನಡುವೆ ಏನೂ ಕಾಣಲ್ಲ ನನಗೆ. ನಿನ್ನ ಕಿವಿ ಕಾಣುತ್ತೆ, ಮುಖ ಇಲ್ಲ.
ಮೇ ತಿಂಗಳಲ್ಲಿ ಗುಡ್ಡದ ಹಿಂದೆ ಎರಡೂ ಕಡೆ ಹಳದಿ.
ಹಳದಿ ಇಲ್ಲದ್ದು ರಸ್ತೆ.
ಇನ್ನೊಂದು ವಾರಕ್ಕೆ ಉದುರಿಹೋಗುತ್ತೆ, ಅದಕ್ಕೇ ಇವತ್ತು."

ಅಂಚೆಗಲ್ಲ, ಅಂಚಿಗೆ ಹೋಗಿ ಬಂದಿದ್ದ.

ಎರಡು ಗಂಟೆಗೆ ಮತ್ತೆ ಕೈ ಇಟ್ಟೆ. ಬಾವಿಕಲ್ಲಿನ ಹಾಗೆ ತಣ್ಣಗೆ.
ಕಾರ್ಬುರೇಟರಿನ ಗುಂಡಿ ಒತ್ತಿ ಪೆಟ್ರೋಲು ಜಿನುಗಿಸಿ
ಒದ್ದೆ. ಇಲ್ಲ.
ಒದ್ದೆ. ಕೆಮ್ಮಿತು.
ಮೂರನೆಯದಕ್ಕೆ ಎದ್ದಿತು, ಎದ್ದದ್ದೇ ತಡ
ಅಂಗಳ ಕಾಣಲಿಲ್ಲ, ಕೋಳಿಗಳು ಕಾಣಲಿಲ್ಲ,
ಓಟಕರ್ ಕಾಣಲಿಲ್ಲ.
ಕಾದರೂ ಕರಗದ ನೀಲಿ ಹೊಗೆ:
ಕ್ಲಚ್ಚಿನ ಕಡೆಯ ಸೀಲು ಸವೆದು
ಗೇರುಪೆಟ್ಟಿಗೆಯ ಎಣ್ಣೆ ಕುಡಿಯುತ್ತಿದೆ ಎಂಜಿನ್ನು.

"ಗೊತ್ತು," ಹೊಗೆಯೊಳಗಿಂದ ಅವನ ದನಿ,
"ಬಿಸಿಯಿದ್ದರೆ ಅಷ್ಟು ಕಾಣಲ್ಲ."

ಹಾಗಾದರೆ ಆ ಹೂವಿನ ಮಾತು?
ಎಸಳು ಅಲ್ಲೇ ಇತ್ತು, ಈಗ ಒಣಗಿ.
ನಿಜವನ್ನೂ ಸುಳ್ಳನ್ನೂ ಒಂದೇ ಸೀಟಿನ ಮೇಲೆ ಕೂರಿಸಿಕೊಂಡು
ಒಂದೇ ಸುತ್ತು ಹೊಡೆದು ಬಂದಿದ್ದ.
ಇದಕ್ಕೆ ಚಿಕ್ಕಮ್ಮ ಏನೂ ಕಲಿಸಿರಲಿಲ್ಲ.

ಆರು ಸಾವಿರ ಕೊರುನ ಇಳಿಸಿ ಅಂದೆ. ಐದು ಅಂದ. ಆರೇ ಅಂದೆ.
ಸಹಿಯ ಗೆರೆಗೆ ಅವನ ಬೆರಳು ಮುಟ್ಟಿಸಿದೆ;
ದೊಡ್ಡದಾಗಿ, ಗೆರೆ ದಾಟಿ ಬರೆದ.

ಬಂದದ್ದು ಬಸ್ಸಿನಲ್ಲಿ, ಹೋದದ್ದು ಹೊಗೆಯಲ್ಲಿ.
ಗುಡ್ಡದ ಹಿಂದಿನ ದಾರಿ ಸುತ್ತು, ಆದರೂ ಆ ಕಡೆಗೇ ತಿರುಗಿಸಿದೆ.
ಎದುರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು
ವೇಗ ಇಳಿಸಿ, ರೆಪ್ಪೆ ಕಿರಿದು ಮಾಡಿ
ನಡುವಿನದೆಲ್ಲ ಮಸುಕಾಗಲು ಬಿಟ್ಟೆ.

ಹೌದು,
ಹಳದಿ ಇಲ್ಲದ್ದೇ ರಸ್ತೆ.