ಬದನೀಹೂವಿನ ಬಣ್ಣ

ಡೋಣಿ ನೀರು ಬಾಯಿಗಿಟ್ಟರ ಉಪ್ಪು.
ಎತ್ತು ಸುದ್ದಾ ಮೂಸಿ ಮುಖ ತಿರುವತಾವ.
ಕಬ್ಬಿಣ ಮಾತ್ರ ಕುಡೀತದ, ಚೊಂಯ್ ಅಂತ,
ಒಂದಽ ಗುಟುಕಿಗೆ.
ಅದಕ್ಕಽ ನಮ್ಮ ಹಿರ್ಯಾರು ಸಿಹಿನೀರಿನ ಊರು ಬಿಟ್ಟು
ಇಲ್ಲಿ ಕುಲುಮಿ ಹೂಡಿದರಂತ.

ಮಾವ ಮೋನಪ್ಪ ಹೇಳತಿದ್ದ:
ಕಬ್ಬಿಣಕ್ಕ ಕಿವಿ ಇರತಾವ,
ಅದು ಬೆಂಕ್ಯಾಗ ಇದ್ದಾಗ ರೇಟು ಮಾತಾಡಬ್ಯಾಡ್ರಿ.
ಅಮಾಸಿ ದಿನ ಅಡಿಗಲ್ಲಿನ ಮ್ಯಾಲ ಕೂಡಬ್ಯಾಡ್ರಿ,
ಅವತ್ತು ಕಾಳವ್ವ ಕೂತಿರತಾಳ.
ಅಂಜಿದ ಕೂಸಿಗೆ ಬಾನಿ ನೀರು ಮೂರು ಹನಿ.
ಇವು ಎಲ್ಲಾರಿಗೂ ಹೇಳೂ ಮಾತು.

ಹೇಳದ ಮಾತು ಒಂದಿತ್ತು.
ಅದನ್ನ ಮಗನ ಕಿವ್ಯಾಗ ಹೇಳಿದ,
ನನ್ನ ತಿದಿ ಒತ್ತಾಕ ಹಚ್ಚಿ.
ತಿದಿ ಉಸಿರು ಬಿಟ್ಟು ಮತ್ತ ತಗೊಳ್ಳೂ ನಡುವ
ಒಂದು ಗಳಿಗಿ ಸುಮ್ಮನಿರತದ.
ಆ ಗಳಿಗಿಗಳೊಳಗ ತುಣುಕು ತುಣುಕು ಕೇಳಿದೆ:

ನೀರು ಕುಡಿದ ಕುಡಗೋಲು ಗಾಜಿನಂಗ ಬಿರುಸು.
ಬಾಯಿ ಉಜ್ಜಿ ಬೆಳ್ಳಗ ಮಾಡಿ ಕೆಂಡದ ಮ್ಯಾಲ ಹಿಡಿ.
ಜ್ವಾಳದ ರವದಿ ಬಣ್ಣ ಬರತದ, ತಡಿ.
ಆಮ್ಯಾಲ ಬೆಲ್ಲದ್ದು, ತಡಿ.
ಬದನೀಹೂ ಅರಳಿತಂದ್ರ ತಗದು ಅದ್ದು.
ನವಿಲುಗೊರಳು ಕಂಡಿತೋ, ಮೆತ್ತಗಾತು, ಮುಗೀತು.

ಮಾವ ತೀರಿದ ಮ್ಯಾಲ ಮೊದಲ ಸುಗ್ಗಿ.
ಹನ್ನೆರಡು ಕುಡಗೋಲು ತಿರುಗಿ ಬಂದುವು
ನಾಯಿ ಕಿವಿಯಂಗ ಮಡಚಿ.
ಗಂಡ ಪಾಟಾಕ್ಕ ಬೈದ, ಪಾಟಾ ಕೊಟ್ಟ ಗ್ಯಾರೇಜಿನವಗ ಬೈದ,
ಇದ್ದಿಲಿಗೆ ಬೈದ.
ನನಗ ಲಗ್ನ ನೆನಪಾತು.
ಬದನೀ ಬಣ್ಣದ ಇಳಕಲ್ ಸೀರಿ ಉಟ್ಟು ನಿಂತಾಗ
"ನೀಲಿ ಚೊಲೊ ಒಪ್ಪತದ ನಿನಗ" ಅಂದಿದ್ದ.
ನಾಚಿಕಿಗೆ ತಿದ್ದಿರಲಿಲ್ಲ ನಾ.
ಅವನ ಕಣ್ಣಾಗ ಆ ಹೂ ಅರಳೂದಽ ಇಲ್ಲ.

ಅದರ ಬಗ್ಗೆ ಮಾತಾಡಿಲ್ಲ ನಾವು.
ಬಣ್ಣ ಬಂದ ಕೂಡಲೆ ತಿದಿ ನಿಲ್ಲಸತೀನಿ.
ಉಸಿರು ನಿಂತದ್ದು ಕೇಳಿ ಇಕ್ಕಳ ಎತ್ತತಾನ.
ಅಷ್ಟಽ.

ತಾಳಿಕೋಟಿ ಸಂತ್ಯಾಗ ಹೆಬ್ಬೆರಳು ಆಡಿಸಿ ಬಾಯಿ ನೋಡಿ
ಮುದುಕರು ಕೇಳತಾರ, ಹದ ಯಾರದಪಾ?
"ಅಪ್ಪಂದು" ಅಂತಾನ.
ಸುಳ್ಳಲ್ಲ ಬಿಡ್ರಿ.
ನಾ ಚೀಲದಾಗಿಂದ ಇನ್ನೊಂದು ತಗದು ಬಿಸಲಿಗೆ ಹಿಡೀತೀನಿ,
ಅಂಚಿನಗುಂಟ ಇನ್ನೂ ಉಳಿದದ ಆ ಬಣ್ಣ, ಎಳೀದು.
"ನೋಡ್ರಿ, ಎಂಥಾ ನೀಲಿ!" ಅಂತಾನ ಗಿರಾಕಿಗೆ.
ಈಗೂ ತಿದ್ದೂದಿಲ್ಲ ನಾ.